2 ದಿನದ ಮಸಾಜ್ ಕೋರ್ಸಿಗೆ 18,000 ರೂಪಾಯಿ ಕೊಡಬಹುದಾ?

ತುಂಗೆ ದಡದವಳು · ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಪಂಚಕರ್ಮ ಕೇಂದ್ರಗಳಲ್ಲಿ 7 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಈಗ ಇರುವುದು ಶಿವಮೊಗ್ಗದಲ್ಲಿ. ಅಭ್ಯಂಗ, ಪೊಟ್ಟಲಿ, ಕಟಿಬಸ್ತಿ, ಶಿರೋಧಾರೆ ಎಲ್ಲ ಬರುತ್ತದೆ. ಶಾಲೆ ಅಂತ ಯಾವುದಕ್ಕೂ ಹೋಗಿಲ್ಲ. ಮೊದಲ 6 ತಿಂಗಳು ಹಿರಿಯ ಅಕ್ಕ ಒಬ್ಬರು ದ್ರೋಣಿಯ (ಎಣ್ಣೆ ಹಚ್ಚಲು ಮಲಗಿಸುವ ಮೇಜು) ಆ ಕಡೆ, ನಾನು ಈ ಕಡೆ. ಅವರ ಕೈ ಹೋದ ಕಡೆ ನನ್ನ ಕೈಯೂ ಹೋಗಬೇಕು. ಕಲಿತದ್ದು ಹಾಗೆ.

ಈಗ ಬರುವವರು ಬೇರೆ ಥರ ಕೇಳುತ್ತಾರೆ. ಮುಂಚೆ "ಎಣ್ಣೆ ಹಚ್ಚಿ ಕಳಿಸಮ್ಮ" ಅನ್ನುತ್ತಿದ್ದರು. ಈಗ ಬೆರಳು ಇಟ್ಟು ತೋರಿಸಿ "ಇಲ್ಲಿ ಹಿಡಿದಿದೆ, ಬಿಡಿಸಿ" ಅನ್ನುತ್ತಾರೆ. ಅಡಿಕೆ ಸುಲಿಯುವ ಹೆಂಗಸರಿಗೆ ಭುಜ, ಡ್ರೈವರುಗಳಿಗೆ ಸೊಂಟ, ಕಂಪ್ಯೂಟರಿನವರಿಗೆ ಕತ್ತು. ಮೈಗೆಲ್ಲ ಎಣ್ಣೆ ಹಚ್ಚಿದರೆ ಹಿತ ಅನ್ನಿಸುತ್ತದೆ ನಿಜ, ಆದರೆ ಆ ಒಂದು ಜಾಗ ಹಾಗೇ ಉಳಿಯುತ್ತದೆ.

ಬೆಂಗಳೂರಿನಲ್ಲಿ 2 ದಿನದ ಕಾರ್ಯಾಗಾರ ಇದೆ. ಟ್ರಿಗರ್ ಪಾಯಿಂಟ್, ಡೀಪ್ ಟಿಶ್ಯೂ (ಆಳಕ್ಕೆ ಒತ್ತುವ ಮಸಾಜ್) ಹೇಳಿಕೊಡುತ್ತಾರಂತೆ. ಫೀಸು 18,000. ಬಸ್ಸು, ರೂಮು ಬೇರೆ. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಹೋಗಿ ಬಂದವರು ಯಾರಾದರೂ ಇದ್ದೀರಾ? ಇದು ದುಡ್ಡಿಗೆ ತಕ್ಕ ವಿಷಯವಾ ಅಥವಾ ಗೋಡೆಗೆ ಹಾಕುವ ಸರ್ಟಿಫಿಕೇಟಾ?

ಇನ್ನೊಂದು. ಈ ನಡುವೆ ನನ್ನ ಬಲಗೈ ಹೆಬ್ಬೆರಳ ಬುಡ ನೋಯುತ್ತದೆ. ಮೊನ್ನೆ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯಲು ಆಗಲಿಲ್ಲ. ಮಗನನ್ನು ಕರೆದೆ.


ಸುಮ್ನೆ ಕೇಳ್ದೆ · ಭಾನುವಾರ ರಾತ್ರಿ 9:48

ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ನಮ್ಮಜ್ಜಿ ಯಾವ ಕೋರ್ಸು ಮಾಡಿದ್ದಳು? ಊರಿನ ಅರ್ಧ ಕೂಸುಗಳಿಗೆ ಎಣ್ಣೆ ನೀರು ಹಾಕಿದ್ದು ಅವಳೇ. ಬೆನ್ನು ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಂಡು ಬರುತ್ತಿದ್ದರು. ನಮ್ಮ ಚಿಕ್ಕಪ್ಪ ಹಾಗೆ ಹುಟ್ಟಿದವರು. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ 2 ಜನ. ಒಂದು ಪೈಸೆ ಇಲ್ಲ, ಎಲೆ ಅಡಿಕೆ ಅಷ್ಟೇ. ಈಗ ಅದಕ್ಕೇ ಇಂಗ್ಲಿಷ್ ಹೆಸರು ಇಟ್ಟು 18,000.


ಮೆತ್ತಿ ಮೇಲಿನ ಫಿಸಿಯೋ · ಭಾನುವಾರ ರಾತ್ರಿ 10:35

ಚಿಕ್ಕಪ್ಪನವರ ಕಾಲಿಗೆ ನಮಸ್ಕಾರ. ಬೆನ್ನು ಉಳುಕಿದ್ದು ಬಹಳ ಜನರಿಗೆ ಕೆಲವು ದಿನಗಳಲ್ಲಿ ತಾನಾಗೇ ಕಡಿಮೆಯಾಗುತ್ತದೆ. ಆ ಸಮಯಕ್ಕೆ ಸರಿಯಾಗಿ ಒದ್ದವರಿಗೆ ಹೆಸರು ಬರುತ್ತದೆ. ನಮ್ಮ ಯಂತ್ರಗಳಿಗೂ ಹೀಗೇ ಹೆಸರು ಬಂದದ್ದು. ಇದನ್ನು ನಾನು ಬೈಯಲು ಹೇಳುತ್ತಿಲ್ಲ, ನನಗೇ ಹೇಳಿಕೊಳ್ಳುತ್ತಿದ್ದೇನೆ.

ಮೇಡಂ, ನಾನು ಫಿಸಿಯೋಥೆರಪಿ ಓದಿದವನು, 14 ವರ್ಷ ಕ್ಲಿನಿಕ್ ನಡೆಸುತ್ತಿದ್ದೇನೆ. ಅಂಥ 4 ಕಾರ್ಯಾಗಾರಕ್ಕೆ ದುಡ್ಡು ಸುರಿದಿದ್ದೇನೆ. 2 ಉಪಯೋಗಕ್ಕೆ ಬಂದವು.

ಮೊದಲು ಟ್ರಿಗರ್ ಪಾಯಿಂಟ್ ಏನು ಅಂತ ನೋಡೋಣ. ಸ್ನಾಯುವಿನಲ್ಲಿ ಬಿಗಿದುಕೊಂಡ, ಒತ್ತಿದರೆ ನೋಯುವ ಗಂಟಿನಂಥ ಜಾಗಕ್ಕೆ ಆ ಹೆಸರು. 1938ರಲ್ಲಿ ಲಂಡನ್ನಿನಲ್ಲಿ ಕೆಲ್‌ಗ್ರೆನ್ ಎಂಬ ವೈದ್ಯರು ಸ್ನಾಯುವಿನೊಳಗೆ ಉಪ್ಪು ನೀರಿನ ಇಂಜೆಕ್ಷನ್ ಕೊಟ್ಟು ನೋಡಿದರು. ಚುಚ್ಚಿದ್ದು ಒಂದು ಕಡೆ, ನೋವು ಕಂಡದ್ದು ಇನ್ನೊಂದು ಕಡೆ. ಅದೇ ದಾರಿಯಲ್ಲಿ ಮುಂದೆ ಹೋದವರು ಅಮೆರಿಕದ ಜಾನೆಟ್ ಟ್ರಾವೆಲ್. 1961ರಲ್ಲಿ ಅಧ್ಯಕ್ಷ ಕೆನಡಿಯ ವೈದ್ಯರಾದವರು ಅವರೇ. ಕೆನಡಿಗೆ ಬೆನ್ನು ನೋವು ಬಹಳ ಇತ್ತು. ಅವರೂ ಡೇವಿಡ್ ಸೈಮನ್ಸ್ ಎಂಬುವರೂ ಸೇರಿ ಯಾವ ಸ್ನಾಯು ಒತ್ತಿದರೆ ಎಲ್ಲಿ ನೋವು ಕಾಣುತ್ತದೆ ಎಂದು ಮೈಯ ನಕ್ಷೆ ಬರೆದರು. ಭುಜದ ಮೇಲಿನ ಸ್ನಾಯು ಒತ್ತಿದರೆ ಕಣತಲೆಯಲ್ಲಿ ನೋವು. ಪೃಷ್ಠದ ಒಳಗಿನ ಸಣ್ಣ ಸ್ನಾಯು ಒತ್ತಿದರೆ ಕಾಲಿನುದ್ದಕ್ಕೂ ನೋವು, ಥೇಟ್ ಸಯಾಟಿಕಾ ಥರ. ಇದು ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಆದರೆ ಕೋರ್ಸಿನವರು ಹೇಳದ ಮಾತು ಒಂದಿದೆ. ಒಬ್ಬರೇ ರೋಗಿಯನ್ನು ಇಬ್ಬರು ಪರೀಕ್ಷಕರು ಬೇರೆ ಬೇರೆ ಮುಟ್ಟಿ ನೋಡಿ "ಗಂಟು ಇಲ್ಲಿದೆ" ಅಂದರೆ, ಇಬ್ಬರ ಬೆರಳೂ ಒಂದೇ ಜಾಗಕ್ಕೆ ಬೀಳುವುದು ಕಡಿಮೆ. ಹಾಗಾಗಿ ಅದನ್ನು ನಕ್ಷೆ ಅಂತ ಇಟ್ಟುಕೊಳ್ಳಿ. ವೇದವಾಕ್ಯ ಅಂದುಕೊಳ್ಳಬೇಡಿ. ನಾವು ಕೈಯಿಂದ ಗಂಟು "ಒಡೆಯುವುದು" ಅಂತ ಏನೂ ಇಲ್ಲ. ಹದವಾಗಿ ಒತ್ತಿ ಹಿಡಿದರೆ ನರಗಳು ಸಮಾಧಾನ ಆಗುತ್ತವೆ, ಬಿಗಿ ಸಡಿಲ ಆಗುತ್ತದೆ, ಆ ಮನುಷ್ಯ ಕೈ ಎತ್ತಲು ಧೈರ್ಯ ಮಾಡುತ್ತಾನೆ. ಆ ಧೈರ್ಯ ಇರುವಾಗಲೇ ವ್ಯಾಯಾಮ ಮಾಡಿಸಬೇಕು. ಇಲ್ಲದಿದ್ದರೆ ಮುಂದಿನ ವಾರ ಮತ್ತೆ ಅದೇ ಜಾಗ.

ಪುರಾವೆ ಏನು ಹೇಳುತ್ತದೆ? ಸೊಂಟ ನೋವಿಗೆ ಮಸಾಜ್ ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2015ರಲ್ಲಿ, ಇಂಥ ಪ್ರಯೋಗಗಳನ್ನು ತೂಗಿ ನೋಡುವ ಸಂಸ್ಥೆಯಾದ ಕಾಕ್ರೇನ್‌ನವರು ನೋಡಿದರು. ಸ್ವಲ್ಪ ದಿನದ ಮಟ್ಟಿಗೆ ಆರಾಮ ಸಿಗುತ್ತದೆ, ಪುರಾವೆ ಮಾತ್ರ ಗಟ್ಟಿ ಇಲ್ಲ ಅಂದರು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ಅದರಲ್ಲಿ ವ್ಯಾಯಾಮ, ತಿಳಿವಳಿಕೆ ಜೊತೆಗೆ ಮಸಾಜಿಗೂ ಜಾಗ ಇದೆ. ಬೆಲ್ಟು, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಕರೆಂಟ್ ಕೊಡುವ ಟೆನ್ಸ್ ಯಂತ್ರ ಇವೆಲ್ಲ ಮಾಮೂಲಿಯಾಗಿ ಬೇಡ ಅನ್ನುವ ಪಟ್ಟಿಗೆ ಹೋದವು. ಆ ಯಂತ್ರಗಳು ನನ್ನ ಕ್ಲಿನಿಕ್ಕಿನಲ್ಲೂ ಇವೆ. ಸಾಲ ಮಾಡಿ ತಂದದ್ದು.

ಕೋರ್ಸಿನವರಿಗೆ ಫೋನ್ ಮಾಡಿ ಕೇಳಿ: ಒಬ್ಬ ಮೇಷ್ಟ್ರಿಗೆ ಎಷ್ಟು ಜನ? 12 ದಾಟಿದರೆ ನಿಮ್ಮ ಕೈ ಮುಟ್ಟಿ ತಿದ್ದುವುದಿಲ್ಲ. ಯಾರಿಗೆ ಮಸಾಜ್ ಮಾಡಬಾರದು ಅನ್ನುವುದಕ್ಕೆ ಎಷ್ಟು ಹೊತ್ತು ಇಟ್ಟಿದ್ದಾರೆ? ಕತ್ತು ಲಟಕ್ ಅನ್ನಿಸುವುದನ್ನೂ 2 ದಿನದಲ್ಲೇ ಹೇಳಿಕೊಡುತ್ತಾರಾ? ಹೌದು ಅಂದರೆ ಫೋನ್ ಇಡಿ. ಕತ್ತಿನ ಮೂಳೆಯ ಪಕ್ಕದಲ್ಲೇ ಮೆದುಳಿಗೆ ಹೋಗುವ ರಕ್ತನಾಳ ಇದೆ. ಅದರ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿಕೊಳ್ಳುವವರೂ ಇದನ್ನು ಓದಿ.

ಹೆಬ್ಬೆರಳಿನ ವಿಷಯ ನಾಳೆ ಬರೆಯುತ್ತೇನೆ. ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದಾರೆ, 2ನೇ ಸಲ.


ದೋಟಿ ಹಿಡಿದವ · ಸೋಮವಾರ ಬೆಳಿಗ್ಗೆ 6:10

ಕೋರ್ಸಿನ ಬಗ್ಗೆ ಗೊತ್ತಿಲ್ಲ. ಆದರೆ ಕತ್ತು ನೋವಿನ ಬಗ್ಗೆ ನನ್ನಷ್ಟು ಗೊತ್ತಿರುವವರು ಇಲ್ಲಿ ಯಾರೂ ಇಲ್ಲ ಮಾರಾಯ್ರೆ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಗುವುದಿಲ್ಲ ಅಂತ 3 ವರ್ಷದ ಹಿಂದೆ ಫೈಬರ್ ದೋಟಿ (ಉದ್ದನೆಯ ಕೋಲು) ತಂದೆ. ಮರ ಹತ್ತುವ ಭಯ ಹೋಯಿತು. ಈಗ ನೆಲದಲ್ಲೇ ನಿಂತು, ಆಕಾಶ ನೋಡುತ್ತ, ಬೆಳಿಗ್ಗೆಯಿಂದ ಮಧ್ಯಾಹ್ನ. ಮೊದಲ ದಿನ ರಾತ್ರಿ ತಟ್ಟೆ ನೋಡಲು ಕತ್ತು ಬಗ್ಗಲಿಲ್ಲ. ಹೆಂಡತಿ ತಟ್ಟೆಯನ್ನೇ ಎತ್ತಿ ಹಿಡಿದಳು.

ಈ ಕೊಯ್ಲು ಮುಗಿಯುವವರೆಗೆ ವಾರಕ್ಕೊಮ್ಮೆ ತೀರ್ಥಹಳ್ಳಿಗೆ ಹೋಗಿ ತಿಕ್ಕಿಸಿಕೊಂಡು ಬರುತ್ತೇನೆ. 2 ದಿನ ಆರಾಮ, 3ನೇ ದಿನ ಅದೇ ಕತೆ. ಫಿಸಿಯೋ ಅಣ್ಣ ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ವ್ಯಾಯಾಮ ಮಾಡು ಅಂದರೆ ತೋಟದವನಿಗೆ ನಗು ಬರುತ್ತದೆ.


ಸಾಗರದಿಂದ ಡಲ್ಲಾಸಿಗೆ · ಸೋಮವಾರ ಬೆಳಿಗ್ಗೆ 7:55

ಇಲ್ಲಿ ಬಂಡೆ ಹತ್ತುವವರು ಕೆಳಗೆ ಹಗ್ಗ ಹಿಡಿದು ಗಂಟೆಗಟ್ಟಲೆ ಮೇಲೆ ನೋಡುತ್ತಾರೆ. ಅವರಿಗೂ ಇದೇ ಕತ್ತು ನೋವು. ಅದಕ್ಕೆ ಪ್ರಿಸಂ ಇರುವ ಕನ್ನಡಕ ಬಂದಿದೆ. ಕತ್ತು ನೆಟ್ಟಗೆ ಇಟ್ಟುಕೊಂಡೇ ಮೇಲಿನದು ಕಾಣುತ್ತದೆ. ಆನ್‌ಲೈನಿನಲ್ಲಿ ಸಿಗುತ್ತದೆ, ದೋಟಿ ಭಟ್ರೆ. ತರಿಸಿ ನೋಡಿ.

ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಟೆಕ್ಸಾಸಿನಲ್ಲಿ ಲೈಸೆನ್ಸ್ ಇರುವ ಮಸಾಜ್ ಥೆರಪಿಸ್ಟ್. ಇಲ್ಲಿ ಮೊದಲಿಗೆ 500 ಗಂಟೆ ಓದಬೇಕು. ಆಮೇಲೆ 2 ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸುವಾಗ 12 ಗಂಟೆ ಹೊಸದಾಗಿ ಕಲಿತದ್ದು ತೋರಿಸಬೇಕು. ಫ್ಲಾರಿಡಾದಲ್ಲಿ 24 ಗಂಟೆ. ಕೇಳಲು ಚೆಂದ ಇದೆ ಅಲ್ವಾ? ಅದರಲ್ಲೂ ಕಸ ಬೇಕಾದಷ್ಟಿದೆ. ರಾತ್ರಿ ಕೂತು ಆನ್‌ಲೈನಿನಲ್ಲಿ ಪುಟ ತಿರುವಿ, ಕೊನೆಗೆ 10 ಪ್ರಶ್ನೆಗೆ ಟಿಕ್ ಹಾಕಿದರೆ 3 ಗಂಟೆ ಜಮಾ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನಗೆ ಬಹಳ ಉಪಯೋಗ ಆದದ್ದು ಯಾವ ಹೊಸ ಒತ್ತುವ ವಿಧಾನವೂ ಅಲ್ಲ. ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಂಡವರಿಗೆ ಹೇಗೆ ಮಸಾಜ್ ಮಾಡಬೇಕು ಅನ್ನುವ ತರಗತಿ. ಮೊದಲರ್ಧ ದಿನ ಬರೀ ಪ್ರಶ್ನೆ ಕೇಳುವುದನ್ನು ಕಲಿಸಿದರು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಊತ ಎಲ್ಲಿದೆ, ಯಾವ ಕಡೆ ಆಪರೇಷನ್ ಆಗಿದೆ. ಅಲ್ಲಿಯವರೆಗೆ ನಾನು "ಪ್ರೆಷರ್ ಸಾಕಾ?" ಅನ್ನುವುದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.


ಹೊಸನಗರದ ಸಿಸ್ಟರ್ · ಸೋಮವಾರ ಮಧ್ಯಾಹ್ನ 2:15

ಸಾಗರದ ಅಕ್ಕ ಹೇಳಿದ್ದಕ್ಕೆ ನಮ್ಮ ಕಡೆಯದನ್ನು ಸೇರಿಸುತ್ತೇನೆ. ಬೆಂಗಳೂರಿನ ಮೇಷ್ಟ್ರು ಇದನ್ನು ಹೇಳಿಕೊಡುವುದು ಅನುಮಾನ.

ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತನಕ ಯಾರಾದರೂ "ಮೈಕೈ ನೋವು, ಸೊಂಟ ಮುರಿದ ಹಾಗಾಗುತ್ತಿದೆ" ಅಂತ ಬಂದರೆ ಮೊದಲು ಹಣೆ ಮುಟ್ಟಿ ನೋಡಿ. ಮಂಗನ ಕಾಯಿಲೆ ಶುರುವಾಗುವುದೇ ಹಾಗೆ. ಒಮ್ಮೆಗೇ ಚಳಿ ಜ್ವರ, ತಲೆ ಸಿಡಿತ, ತಡೆಯಲಾರದ ಸ್ನಾಯು ನೋವು. ಕೆಲವರಿಗೆ ವಾಂತಿ, ಒಸಡಿನಲ್ಲಿ ಮೂಗಿನಲ್ಲಿ ರಕ್ತ. ಇದು ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ದರಗು ತರಲು, ಸೌದೆಗೆ, ದನ ಹುಡುಕಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುತ್ತದೆ. ಕಚ್ಚಿ 3ರಿಂದ 8 ದಿನಕ್ಕೆ ಜ್ವರ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ಮುಟ್ಟಲು ನೀವು ಹೆದರಬೇಕಾಗಿಲ್ಲ. ಆದರೆ ಎಣ್ಣೆ ಹಚ್ಚಿ ಕೂರಿಸಿದರೆ ರಕ್ತ ಪರೀಕ್ಷೆ ತಡವಾಗುತ್ತದೆ. ಎಣ್ಣೆ ಹಚ್ಚಲೇಬೇಕಿದ್ದರೆ ಕಾಡಿಗೆ ಹೋಗುವ ಮುಂಚೆ, ಉಣುಗು ಹತ್ತದ ಹಾಗೆ ನಾವು ಕೊಡುವ ಡೇಪಾ ಎಣ್ಣೆ ಹಚ್ಚಲಿ.

ಮಳೆಗಾಲದಲ್ಲಿ ಇನ್ನೊಂದು, ಇಲಿ ಜ್ವರ. ಗದ್ದೆ ಕೆಸರಿನಲ್ಲಿ ನಿಂತವರಿಗೆ ಬರುತ್ತದೆ. ಮೀನಖಂಡ ಮುಟ್ಟಲು ಬಿಡುವುದಿಲ್ಲ, ಅಷ್ಟು ನೋವು. ಕಣ್ಣು ಕೆಂಪು, ಜ್ವರ. "ನಾಟಿ ಮಾಡಿ ಕಾಲು ಹಿಡಿದಿದೆ" ಅಂತ ಅವರೇ ಹೇಳುತ್ತಾರೆ. ನಂಬಬೇಡಿ.

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು. ಬಾಣಂತಿಯರಲ್ಲಿ, ಆಪರೇಷನ್ ಆಗಿ ಮಲಗಿದ್ದವರಲ್ಲಿ ಜಾಸ್ತಿ. ಅಲ್ಲಿ ತಿಕ್ಕಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಇದು ಹೆದರಿಸಲು ಹೇಳಿದ್ದಲ್ಲ.


ತುಂಗೆ ದಡದವಳು · ಸೋಮವಾರ ರಾತ್ರಿ 10:05

ಸಿಸ್ಟರ್, ನಿಮ್ಮ ಪೋಸ್ಟು ಓದಿ ಕೈ ತಣ್ಣಗಾಯಿತು. ಇದನ್ನು ಎಲ್ಲೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ನಾನು ಮೊದಲು ಇದ್ದ ಕೇಂದ್ರದಲ್ಲಿ, ಒಂದು ಫೆಬ್ರವರಿ. ತೀರ್ಥಹಳ್ಳಿ ಕಡೆಯವರು, 45 ವರ್ಷ ಇರಬಹುದು. 5 ದಿನದ ಪ್ಯಾಕೇಜಿಗೆ ದುಡ್ಡು ಕಟ್ಟಿದ್ದರು. "ತೋಟದ ಕೆಲಸ ಜಾಸ್ತಿ ಆಯಿತಮ್ಮ, ಮೈಯೆಲ್ಲ ಜಜ್ಜಿದ ಹಾಗಾಗಿದೆ" ಅಂದರು. ಬೆನ್ನಿಗೆ ಕೈ ಇಟ್ಟೆ. ಎಣ್ಣೆಯೇ ಬಿಸಿ ಮಾಡಿ ತಂದಿದ್ದೆ, ಅವರ ಮೈ ಅದಕ್ಕಿಂತ ಬಿಸಿ. ಹೊರಗೆ ಹೋಗಿ ಮೇಲಿನವರಿಗೆ ಹೇಳಿದೆ. "ದುಡ್ಡು ಕಟ್ಟಿದ್ದಾರೆ, ಹದವಾಗಿ ಮಾಡಿ ಕಳಿಸು" ಅಂದರು. ಮಾಡಿದೆ. ಮಾರನೇ ದಿನವೂ ಬಂದರು, ಆವತ್ತೂ ಮಾಡಿದೆ. 3ನೇ ದಿನ ಬರಲಿಲ್ಲ. 4ನೇ ದಿನ ಅವರ ಹೆಂಡತಿ ಫೋನ್ ಮಾಡಿ ಉಳಿದ ದುಡ್ಡು ವಾಪಸ್ ಕೇಳಿದರು. ಮಂಗನ ಕಾಯಿಲೆ, ಆಸ್ಪತ್ರೆಯಲ್ಲಿದ್ದಾರೆ ಅಂದರು. ಹುಷಾರಾದರು, ದೇವರು ದೊಡ್ಡವನು.

ಕಾಯಿಲೆ ನನ್ನಿಂದ ಬಂದದ್ದಲ್ಲ ಅಂತ ಗೊತ್ತು. ಆದರೆ ಆ 2 ದಿನ ಅವರು ನನ್ನ ಕೈ ಕೆಳಗೆ ಮಲಗಿದ್ದರು. ಹಣೆ ನೋಡಿದ್ದೆ, ಜ್ವರ ಅಂತ ಗೊತ್ತಾಗಿತ್ತು. "ಆಗುವುದಿಲ್ಲ" ಅನ್ನಲು ನನ್ನ ಹತ್ತಿರ ಮಾತಿರಲಿಲ್ಲ.


ಕಷಾಯ ಡಾಕ್ಟ್ರು · ಸೋಮವಾರ ರಾತ್ರಿ 10:40

ತಂಗಿ, ಮಾತು ನಮ್ಮ ಶಾಸ್ತ್ರದಲ್ಲೇ ಇದೆ. ನಾನು ಆಯುರ್ವೇದ ವೈದ್ಯ. ಹೊಸ ಜ್ವರದಲ್ಲಿ ಅಭ್ಯಂಗ ಬೇಡ, ಸ್ನಾನವೂ ಬೇಡ. ಅಜೀರ್ಣ ಇದ್ದರೆ ಬೇಡ. ಕಫ ಜಾಸ್ತಿ ಇದ್ದರೆ ಬೇಡ. ಇದನ್ನು ಮೊದಲ ವರ್ಷದ ಹುಡುಗರೂ ಬಾಯಿಪಾಠ ಹೇಳುತ್ತಾರೆ. ಪ್ಯಾಕೇಜ್ ಮಾರುವವರಿಗೆ ಮರೆತು ಹೋಗುತ್ತದೆ. ಮುಂದೆ ಯಾರಾದರೂ ಒತ್ತಾಯ ಮಾಡಿದರೆ "ಶಾಸ್ತ್ರದಲ್ಲೇ ಬೇಡ ಅಂದಿದೆ ಸಾರ್" ಅನ್ನಿ. ಅದರ ಎದುರು ಮ್ಯಾನೇಜರು ಮಾತಾಡುವುದಿಲ್ಲ.

ಫಿಸಿಯೋ ಮಿತ್ರರಿಗೆ ಒಂದು ತಕರಾರು. ಅಭ್ಯಂಗವನ್ನು ನಿಮ್ಮ ಡೀಪ್ ಟಿಶ್ಯೂ ಜೊತೆ ತೂಗಬೇಡಿ. ಅದು ಗಂಟು ಹುಡುಕಿ ಒತ್ತುವ ಕೆಲಸವಲ್ಲ. ಎಣ್ಣೆ ಮೈಗೆ ಹಿಡಿಯಬೇಕು, ವಾತ ತಗ್ಗಬೇಕು, ನಿದ್ದೆ ಬರಬೇಕು. ಈ ಹುಡುಗಿ 7 ವರ್ಷ ಕಲಿತದ್ದನ್ನು ಹಳೆಯದು ಅಂತ ಪಕ್ಕಕ್ಕಿಡುವುದು ಬೇಡ.


ಮೆತ್ತಿ ಮೇಲಿನ ಫಿಸಿಯೋ · ಮಂಗಳವಾರ ರಾತ್ರಿ 9:30

ಡಾಕ್ಟ್ರೇ, ಪಕ್ಕಕ್ಕಿಡಿ ಅಂತ ನಾನು ಹೇಳಲೇ ಇಲ್ಲ. ವಾತ ತಗ್ಗಿತು ಅಂತ ನೀವು ಅಂದದ್ದನ್ನೇ ನಾನು ನರ ಸಮಾಧಾನ ಆಯಿತು ಅಂದೆ. ಎರಡೂ ಒಂದೇ ಅಂತ ವಾದ ಮಾಡುವುದಿಲ್ಲ, ಮಾಡಿದರೆ ಇಬ್ಬರ ಕಡೆಯವರೂ ನನ್ನನ್ನು ಹೊಡೆಯುತ್ತಾರೆ.

ಹೆಬ್ಬೆರಳು. ಮೇಡಂ, ಇದು ಕೋರ್ಸಿಗಿಂತ ಅರ್ಜೆಂಟ್. ಹೆಬ್ಬೆರಳ ತುದಿಯಲ್ಲಿ ಒತ್ತುವಾಗ ಅದರ ಬುಡದ ಕೀಲಿನ ಮೇಲೆ ಆ ಭಾರ ಹಲವು ಪಟ್ಟು ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಮಾಡಿದರೆ ಕೀಲು ಸವೆಯುತ್ತದೆ. ನಮ್ಮ ಕಸುಬಿನವರಲ್ಲಿ ಬಹಳ ಜನ ಕೆಲಸ ಬಿಡುವುದು ಇದಕ್ಕೇ. ಹೆಬ್ಬೆರಳು ಹುಡುಕುವುದಕ್ಕೆ ಮಾತ್ರ ಇರಲಿ. ಜಾಗ ಸಿಕ್ಕಿದ ಮೇಲೆ ಒತ್ತುವುದು ಮೊಣಕೈ, ಮುಂಗೈ ಅಥವಾ ಮಡಿಸಿದ ಬೆರಳ ಗೆಣ್ಣು. ತೋಳಿನ ಬಲ ಹಾಕಬೇಡಿ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಮೈಯ ಭಾರ ಬಿಡಿ. ನಿಂತು ಕೈ ಇಳಿಬಿಟ್ಟಾಗ ಮೇಜು ನಿಮ್ಮ ಗೆಣ್ಣಿಗೆ ತಾಕಬೇಕು. ನಿಮ್ಮ ದ್ರೋಣಿ ಎತ್ತರ ಎಷ್ಟಿದೆ?

ಒತ್ತಡ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. 10ಕ್ಕೆ 5 ನೋವು ಅಂದರೆ ಸಾಕು. ಉಸಿರು ಹಿಡಿದರೆ, ಮುಷ್ಟಿ ಬಿಗಿದರೆ ಜಾಸ್ತಿ ಆಯಿತು. ಅರ್ಧ ನಿಮಿಷದಿಂದ ಒಂದೂವರೆ ನಿಮಿಷ ಹಿಡಿದು ಬಿಡಿ. ಮಾರನೇ ದಿನ ನೀಲಿ ಗುರುತು ಬಂದರೆ ಅದು "ಕೆಟ್ಟ ರಕ್ತ ಹೊರಗೆ ಬಂತು" ಅಲ್ಲ. ಒಳಗೆ ಗಾಯ ಆಯಿತು, ಅಷ್ಟೇ.


ಸ್ಮ್ಯಾಶ್ ಭದ್ರಾವತಿ · ಮಂಗಳವಾರ ರಾತ್ರಿ 9:52

ಅಣ್ಣ, ವಾಲಿಬಾಲ್ ಮ್ಯಾಚ್ ಆದ ಮೇಲೆ ಮಸಾಜ್ ಮಾಡಿದರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತದೆ ಅಂತ ಕೋಚ್ ಹೇಳುತ್ತಾರೆ. ಹೌದಾ?


ಮೆತ್ತಿ ಮೇಲಿನ ಫಿಸಿಯೋ · ಮಂಗಳವಾರ ರಾತ್ರಿ 10:01

ಇಲ್ಲ ತಮ್ಮಾ. ಅದು ಆಟ ಮುಗಿದು ಸುಮಾರು ಒಂದು ಗಂಟೆಯೊಳಗೆ ತಾನಾಗೇ ಹೋಗುತ್ತದೆ. ಮಾರನೇ ದಿನ, 3ನೇ ದಿನ ತೊಡೆ ಹಿಡಿಯುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನಿಂದ. ಮಸಾಜ್ ಮಾಡಿದರೆ ಆ ನೋವು ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಮಾಡಿಸಿಕೊ, ಕಾರಣ ಮಾತ್ರ ಅದಲ್ಲ. ಕೋಚ್ ಹತ್ತಿರ ಜಗಳ ಆಡಬೇಡ, ಟೀಮಿಂದ ಹೊರಗೆ ಹಾಕುತ್ತಾರೆ.


ಗಾಂಧಿ ಬಜಾರಿನ ಅಕ್ಕ · ಬುಧವಾರ ಮಧ್ಯಾಹ್ನ 12:30

ಯಾರೂ ಹೇಳದ ಕಷ್ಟ ಒಂದಿದೆ. ನಾನು ಹೆಂಗಸರಿಗೆ ಮಾತ್ರ ಅಂತ ಸಣ್ಣ ರೂಮು ಮಾಡಬೇಕೆಂದು ಹೊರಟೆ. "ಏನು ವ್ಯಾಪಾರ?" ಅಂದರು ಕಟ್ಟಡದವರು. ಮಸಾಜ್ ಅಂದ ಕೂಡಲೇ ಮುಖ ಬದಲಾಯಿತು. 3 ಕಡೆ ಇದೇ ಆಯಿತು. 4ನೇ ಕಡೆ "ಬಾಣಂತಿ ಆರೈಕೆ, ಅಭ್ಯಂಗ" ಅಂದೆ, ಕೊಟ್ಟರು. ಫೋನಿನಲ್ಲಿ ಅಡ್ಡಾದಿಡ್ಡಿ ಪ್ರಶ್ನೆ ಕೇಳುವ ಗಂಡಸರು ಬೇರೆ. ಸರ್ಟಿಫಿಕೇಟ್ ಗೋಡೆಗೆ ಅಂತ ತಮಾಷೆ ಮಾಡಬೇಡಿ. ಹೆಂಗಸರಿಗೆ ಅದು ಗೌರವದ ಕಾಗದ. ಅದರ ಕೆಳಗೆ ಕೂತರೆ ಮಾತಿನ ಧಾಟಿಯೇ ಬದಲಾಗುತ್ತದೆ.


ಮೆತ್ತಿ ಮೇಲಿನ ಫಿಸಿಯೋ · ಬುಧವಾರ ರಾತ್ರಿ 9:15

ಅಕ್ಕ ಹೇಳಿದ್ದು ಒಪ್ಪಿದೆ. ಒಂದೇ ಎಚ್ಚರಿಕೆ. ನಮ್ಮಲ್ಲಿ ಮಸಾಜಿಗೆ ಅಂತ ಪ್ರತ್ಯೇಕ ಲೈಸೆನ್ಸ್ ಇಲ್ಲ. ಫಿಸಿಯೋಥೆರಪಿಸ್ಟ್ ಅನ್ನುವುದು ಮಾತ್ರ 2021ರ ಕೇಂದ್ರ ಕಾನೂನಿನೊಳಗೆ ಬಂದ ಕಸುಬು. 2 ದಿನದ ಕಾಗದ ಹಿಡಿದು ಬೋರ್ಡಿಗೆ ಆ ಹೆಸರು ಬರೆಸಬೇಡಿ. "ಇಂಟರ್‌ನ್ಯಾಷನಲ್" ಅಂತ ಬರೆದ ಚಿನ್ನದ ಸೀಲು ನೋಡಿ ಮರುಳಾಗಬೇಡಿ.


ತುಂಗೆ ದಡದವಳು · 3 ವಾರದ ನಂತರ, ಸೋಮವಾರ ರಾತ್ರಿ 8:50

ಹೋಗಿ ಬಂದೆ! ಆ 18,000ದ್ದಕ್ಕಲ್ಲ. ಫೋನ್ ಮಾಡಿ ಫಿಸಿಯೋ ಅಣ್ಣನ ಪ್ರಶ್ನೆ ಕೇಳಿದೆ. 40 ಜನ, ಒಬ್ಬರೇ ಮೇಷ್ಟ್ರು, ಕತ್ತು ಲಟಕ್ಕೂ ಸೇರಿದೆ ಅಂದರು. ಫೋನ್ ಇಟ್ಟೆ. ಬೇರೆ ಕಡೆ 3 ದಿನದ್ದು ಸಿಕ್ಕಿತು, 9,500. 11 ಜನ. ಹೇಳಿಕೊಟ್ಟವರು ವಯಸ್ಸಾದ ಮೇಡಂ ಒಬ್ಬರು, ಮಾತು ಕಡಿಮೆ.

ಮೊದಲ ದಿನ ಬೆಳಿಗ್ಗೆ ಎಣ್ಣೆ ಬಾಟಲಿಯನ್ನೇ ತೆಗೆಯಲಿಲ್ಲ. ಒಬ್ಬ ಹುಡುಗನನ್ನು ಬೋರಲು ಮಲಗಿಸಿದರು. ನಮ್ಮಲ್ಲಿ 3 ಜನರಿಗೆ ಒಂದೊಂದು ಬಣ್ಣದ ಪೆನ್ಸಿಲ್ ಕೊಟ್ಟರು, ಹುಬ್ಬು ತಿದ್ದುವುದು ಇರುತ್ತದಲ್ಲ, ಆ ಥರದ್ದು. ಹೆಗಲ ಮೂಳೆಯ ಮೇಲಿನ ಒಳಮೂಲೆ ಎಲ್ಲಿದೆ, ಕಣ್ಣು ಮುಚ್ಚಿ ಹುಡುಕಿ ಗುರುತು ಹಾಕಿ ಅಂದರು. ಕತ್ತಿನಿಂದ ಇಳಿಯುವ ಸ್ನಾಯು ಬಂದು ಅಂಟಿಕೊಳ್ಳುವ ಜಾಗ ಅದು. ಕತ್ತು ಹಿಡಿದಿದೆ ಅನ್ನುವವರು ಬೆರಳು ಇಡುವುದೂ ಹೆಚ್ಚಾಗಿ ಅಲ್ಲೇ. ಒಬ್ಬೊಬ್ಬರೇ ಹೋಗಿ ಹಾಕಿದೆವು. ಕಣ್ಣು ಬಿಟ್ಟು ನೋಡಿದರೆ ನೀಲಿ ಒಂದು ಕಡೆ, ಕೆಂಪು 2 ಬೆರಳು ಕೆಳಗೆ, ನನ್ನ ಹಸಿರು ಮೂಳೆಯ ಮೇಲೇ ಇಲ್ಲ, ಬೆನ್ನುಮೂಳೆ ಕಡೆಗೆ ಜರುಗಿದೆ. 7 ವರ್ಷ! ದಿನಕ್ಕೆ 4 ಬೆನ್ನು ಮುಟ್ಟಿದ ಕೈ ಇದು. ಮೇಡಂ ನಗಲಿಲ್ಲ. ಹುಡುಗನ ಕೈಯನ್ನು ಹಿಂದೆ ಮಡಿಸಿ ಸೊಂಟದ ಮೇಲೆ ಇಟ್ಟರು. ಹೆಗಲ ಮೂಳೆ ರೆಕ್ಕೆ ಥರ ಎದ್ದು ನಿಂತಿತು. "ಈಗ ಹುಡುಕು" ಅಂದರು. ಅಂಚಿನ ಮೇಲೆ ಬೆರಳು ಜಾರಿಸುತ್ತ ಮೇಲೆ ಹೋದೆ. ಸಿಕ್ಕಿತು. ಅದನ್ನೇ 3 ದಿನದಲ್ಲಿ 30 ಸಲ ಮಾಡಿಸಿದರು.

ಎರಡನೇ ದಿನ ಪ್ರಶ್ನೆ ಕೇಳುವುದು. ಒಬ್ಬರು ರೋಗಿ, ಒಬ್ಬರು ನಾವು. ಜ್ವರ, ತೂಕ ಇಳಿದದ್ದು, ರಾತ್ರಿ ಮಲಗಿದರೂ ಬಿಡದ ನೋವು, ಎಡಗೈಗೆ ಇಳಿಯುವ ಎದೆ ನೋವು. ಸೊಂಟ ನೋವಿನವರಿಗೆ ಮೂತ್ರ ಕಟ್ಟಿದೆಯಾ, ತೊಡೆ ಸಂದಿ ಮರಗಟ್ಟಿದೆಯಾ ಅಂತಲೂ ಕೇಳಬೇಕು. ಹೌದು ಅಂದರೆ ಆವತ್ತೇ ಆಸ್ಪತ್ರೆ. ಇದನ್ನು ಬಾಯಿಬಿಟ್ಟು ಕೇಳಲು ನನಗೆ ನಾಚಿಕೆ ಆಯಿತು. ಮೇಡಂ 6 ಸಲ ಹೇಳಿಸಿದರು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರಾಗಿ ಒತ್ತಬಾರದು ಎಂದು ಗೊತ್ತಿತ್ತು. ವಾಸನೆ ಜೋರಾಗಿರುವ ನೋವಿನ ಮುಲಾಮಿನಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ವಾರ್ಫರಿನ್ ಎಂಬ ಆ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಅದನ್ನು ಮೈತುಂಬ ಹಚ್ಚಿದರೆ ರಕ್ತಸ್ರಾವ ಜಾಸ್ತಿ ಆಗಬಹುದು ಅನ್ನುವುದು ಹೊಸದು. ನಾನು ನಮ್ಮ ಮಾವನಿಗೇ ದಿನಾ ಹಚ್ಚುತ್ತಿದ್ದೆ.

ಮಂಗನ ಕಾಯಿಲೆ ಬಗ್ಗೆ ಮೇಡಂಗೆ ಗೊತ್ತಿರಲಿಲ್ಲ. ನಾನು ಎದ್ದು ನಿಂತು ಹೇಳಿದೆ ಸಿಸ್ಟರ್. ಅವರು ಬರೆದುಕೊಂಡರು.

ಎತ್ತರದ ವಿಷಯ. ನಮ್ಮ ದ್ರೋಣಿ ಮರದ್ದು, ಮೇಲೆ ಕೆಳಗೆ ಆಗುವುದಿಲ್ಲ. ನಾನು 5 ಅಡಿ. ಮನೆಯಿಂದ ಊಟದ 2 ಮಣೆ ತಂದು ನನ್ನ ಕಾಲ ಕೆಳಗೆ ಹಾಕಿಕೊಂಡಿದ್ದೇನೆ. ಈಗ ಗೆಣ್ಣು ಸರಿಯಾಗಿ ತಾಕುತ್ತದೆ. ಜಾರದ ಹಾಗೆ ಅಡಿಗೆ ಹಳೆಯ ಸೈಕಲ್ ಟ್ಯೂಬು ಅಂಟಿಸಿದೆ. ಹೆಬ್ಬೆರಳು ಪೂರ್ತಿ ವಾಸಿ ಆಗಿಲ್ಲ. ಬಾಟಲಿ ಮುಚ್ಚಳ ಮೊನ್ನೆ ನಾನೇ ತೆಗೆದೆ.


ಸುಮ್ನೆ ಕೇಳ್ದೆ · ಸೋಮವಾರ ರಾತ್ರಿ 9:20

ಮಣೆ ಕತೆ ಓದಿ ನಕ್ಕೆ, ಆಮೇಲೆ ನಮ್ಮಜ್ಜಿ ನೆನಪಾದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುವ ಮುಂಚೆ ಒಂದು ನಿಮಿಷ ಸುಮ್ಮನೆ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಕೆಲವು ದಿನ "ಇವತ್ತು ಬೇಡ" ಅಂತ ವಾಪಸ್ ಕಳಿಸುತ್ತಿದ್ದಳು. ಯಾಕೆ ಅಂತ ನಾವು ಕೇಳಲೇ ಇಲ್ಲ.


ಸಾಗರದಿಂದ ಡಲ್ಲಾಸಿಗೆ · ಮಂಗಳವಾರ ಬೆಳಿಗ್ಗೆ 8:05

ಅಡಿಕೆ ಸುಲಿಯುವವರಿಗೆ ಏನಾದರೂ ಮಾಡುತ್ತಿದ್ದೀರಾ? ನಮ್ಮಮ್ಮ ರಾತ್ರಿ 11ರವರೆಗೆ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದರು. ಬಲ ಭುಜ ಕಿವಿಗೆ ಅಂಟಿದ ಹಾಗೇ ಇರುತ್ತಿತ್ತು.


ತುಂಗೆ ದಡದವಳು · ಮಂಗಳವಾರ ರಾತ್ರಿ 9:40

ಅಕ್ಕ, ಭಾನುವಾರ ಒಂದು ಅಂಗಳಕ್ಕೆ ಹೋಗಿದ್ದೆ. 9 ಜನ. ಕೂತಲ್ಲೇ, ಬಟ್ಟೆ ಮೇಲೇ, ಒಬ್ಬೊಬ್ಬರಿಗೆ 10 ನಿಮಿಷ. ಆಮೇಲೆ ಒಂದು ಡಬ್ಬಿ ತುಂಬಿದಾಗಲೆಲ್ಲ ಎದ್ದು ಭುಜ 5 ಸಲ ತಿರುಗಿಸಬೇಕು ಅಂತ ಮಾತಾಯಿತು. ಒಬ್ಬರು ಎದ್ದರೆ ಎಲ್ಲರೂ ಏಳಬೇಕು. "ಎದ್ದರೆ ಡಬ್ಬಿ ಕಡಿಮೆಯಾಗುತ್ತದೆ, ದುಡ್ಡು ನೀನು ಕೊಡುತ್ತೀಯಾ?" ಅಂದರು ಒಬ್ಬರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬ ಅಮ್ಮನಿಗೆ ಬೆರಳು ಜೋಮು ಹಿಡಿದು ರಾತ್ರಿ ಎಚ್ಚರ ಆಗುತ್ತದಂತೆ. ಅವರನ್ನು ಮುಟ್ಟಲಿಲ್ಲ, ಮೆಗ್ಗಾನ್ ಆಸ್ಪತ್ರೆಗೆ ಹೋಗಿ ತೋರಿಸಿ ಅಂದೆ.


ದೋಟಿ ಹಿಡಿದವ · ಗುರುವಾರ ಸಂಜೆ 6:45

ಡಲ್ಲಾಸ್ ತಂಗಿ ಹೇಳಿದ ಕನ್ನಡಕ ಬಂತು. ಅದ್ಭುತ. ಕತ್ತು ಎತ್ತದೆ ಗೊನೆ ಕಾಣುತ್ತದೆ. ಆದರೆ ಗೊನೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಿಂದೆ ಹೆಜ್ಜೆ ಇಟ್ಟೆ, ಕಾದಿಗೆಗೆ (ತೋಟದ ಕಾಲುವೆ) ಬಿದ್ದೆ. ಕತ್ತು ಈಗ ಪರವಾಗಿಲ್ಲ, ಎಡ ಮಂಡಿ ಹೋಯಿತು. ತುಂಗೆ ದಡದ ತಂಗಿ, ಶನಿವಾರ ಶಿವಮೊಗ್ಗಕ್ಕೆ ಬರುತ್ತೇನೆ. ಒಂದು ಮಸಾಜ್ ಹಾಕಿಬಿಡು.


ತುಂಗೆ ದಡದವಳು · ಗುರುವಾರ ಸಂಜೆ 6:58

ಭಟ್ರೆ, ಯಾವತ್ತು ಬಿದ್ದದ್ದು? ಬಿದ್ದ ಕೂಡಲೇ ಊದಿತಾ, ಮಾರನೇ ದಿನ ಊದಿತಾ? ಕಾಲೂರಿ 4 ಹೆಜ್ಜೆ ಹಾಕಲು ಆಗುತ್ತದಾ? ಶುಗರ್ ಇದೆಯಾ, ರಕ್ತ ತೆಳುವಾಗಲು ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ?